ತಾತನ ಐದು ಹಲಗೆ

ನಮ್ಮ ತಾತ ಜೇಬೆಜ್ ಟಫಿನ್ ಇಪ್ಪತ್ತೆರಡು ವರ್ಷ ತನ್ನ ಶವಪೆಟ್ಟಿಗೆಯ ಮೇಲೆಯೇ ಮಲಗಿದ. ಅದಿನ್ನೂ ಪೆಟ್ಟಿಗೆ ಆಗಿರಲಿಲ್ಲ, ನಿಜ. ಐದು ಎಲ್ಮ್ ಹಲಗೆಗಳು ಅವನ ಮಂಚದ ಕೆಳಗೆ ಒಂದರ ಮೇಲೊಂದು ಕೂತಿದ್ದವು, ಗಾಳಿಯಾಡಲಿ ಅಂತ ನಡುವೆ ಸಣ್ಣ ಪಟ್ಟಿಗಳು. ಎರಡು ಪಕ್ಕಕ್ಕೆ, ಒಂದು ತಳಕ್ಕೆ, ಒಂದು ತಲೆಗೂ ಕಾಲಿಗೂ, ಎಲ್ಲಕ್ಕಿಂತ ಅಗಲದ್ದು ಮುಚ್ಚಳಕ್ಕೆ. ವಿದರ್‌ಕೋಟ್ ಊರಿಗೆ ಗಾಡಿ, ಗೇಟು, ಹಂದಿ ತೊಟ್ಟಿ, ಶವಪೆಟ್ಟಿಗೆ ಎಲ್ಲಕ್ಕೂ ನಮ್ಮದೊಂದೇ ಬಡಗಿ ಮನೆ. ಚರ್ಚಿನ ಹಿತ್ತಿಲಲ್ಲಿ ಮಲಗಿದವರಲ್ಲಿ ಅರ್ಧದಷ್ಟು ಜನಕ್ಕೆ ಪೆಟ್ಟಿಗೆ ಮಾಡಿಕೊಟ್ಟವನು ತಾತ. ತನ್ನ ಮರವನ್ನು ಆರಿಸುವ ಕೆಲಸ ಮಾತ್ರ ಮಗನ ಕೈಗೆ ಬಿಡುವ ಧೈರ್ಯ ಅವನಿಗೆ ಇರಲಿಲ್ಲ.

ಆ ಹಲಗೆಗಳಿಗೂ ಒಂದು ಕಥೆ ಇದೆ. ನಮ್ಮ ಅಂಗಳದಲ್ಲಿ ಒಂದು ಎಲ್ಮ್ ಮರ ಇತ್ತಂತೆ. ಡಾರ್ಕಸ್ ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಬಟ್ಟೆ ಒಣಗಿಸಲು ಒಂದು ಕಂಬ ನೆಟ್ಟುಕೊಡಿ ಅಂತ ಕೇಳಿದಳು. ಊರಿಗೆಲ್ಲ ಕಂಬ ನೆಡುವವನು ಮನೆಯವಳಿಗೆ ನಾಳೆ ನಾಳೆ ಅಂತ ಎರಡು ವರ್ಷ ದೂಡಿದ. ಒಂದು ಸೋಮವಾರ ಅಜ್ಜಿ ಒದ್ದೆ ಬಟ್ಟೆಯ ಬುಟ್ಟಿಯನ್ನು ದಡಕ್ಕನೆ ಕೆಳಗಿಟ್ಟು, ಗಾಡಿಗೆ ಹೊಡೆಯುವ ದೊಡ್ಡ ಮೊಳೆ ಎತ್ತಿಕೊಂಡು, ಒಲೆ ಕೆದಕುವ ಸಲಾಕೆಯಿಂದಲೇ ಅದನ್ನು ಮರಕ್ಕೆ ಬಡಿದು ಹಗ್ಗ ಕಟ್ಟಿದಳು. ನಲವತ್ತು ವರ್ಷದಲ್ಲಿ ಮರ ಆ ಮೊಳೆಯನ್ನು ನುಂಗಿಕೊಂಡಿತು. ಆಮೇಲೆ ಬಿರುಗಾಳಿಗೆ ಮರ ಬಿತ್ತು. ಹಲಗೆ ಸೀಳುವವರ ಗರಗಸ ಮೊಳೆಗೆ ಸಿಕ್ಕಿ ನಾಲ್ಕು ಹಲ್ಲು ಮುರಿಯಿತು, ಅವರು ಬೈದ ಬೈಗುಳಕ್ಕೆ ಅಜ್ಜಿ ಕಿಟಕಿಯಿಂದಲೇ ತಿರುಗಿಸಿ ಬೈದಳು. ಎರಡು ವರ್ಷ ಹಲಗೆ ಒಣಗಿತು, ಅಷ್ಟರಲ್ಲಿ ಅಜ್ಜಿಯೂ ಹೋದಳು. ಐದು ಹಲಗೆ ಅವಳ ಜೊತೆ ಹೋಯಿತು, ಐದು ತಾತನಿಗೆ ಉಳಿಯಿತು. ಮುಚ್ಚಳದ ಹಲಗೆಯಲ್ಲಿ ಮೊಳೆಯ ತುಂಡು ಉಳಿದುಕೊಂಡ ಕಡೆ ಅಂಗೈಯಗಲ ನೀಲಿಗಪ್ಪು ಕಲೆ.

"ಅದು ಕಲೆ ಅಲ್ಲ, ನಿಮ್ಮಜ್ಜಿ ಸಿಟ್ಟು," ಅನ್ನುತ್ತಿದ್ದ ತಾತ. "ಅದನ್ನ ಎದೆ ಮೇಲೆ ಇಟ್ಕೊಂಡೇ ನಾನು ಹೋಗೋದು."

ಉಳಿದ ಒಂದು ತುಂಡಿನಿಂದ ಅವನು ನಮ್ಮ ಅಮ್ಮ ಕೆಜಾಯಾಗೆ ಬ್ರೆಡ್ಡು ಇಟ್ಟು ಕೊಯ್ಯಲು ದುಂಡಗೆ ಒಂದು ಬ್ರೆಡ್ ಹಲಗೆ ಮಾಡಿಕೊಟ್ಟಿದ್ದ. ಅಮ್ಮ ತವರಿನ ಅಭ್ಯಾಸದಂತೆ ಬ್ರೆಡ್ಡನ್ನು ಎದೆಗೆ ಒತ್ತಿ ಹಿಡಿದು ಚಾಕುವನ್ನು ತನ್ನ ಕಡೆಗೇ ಎಳೆದು ಕೊಯ್ಯುತ್ತಿದ್ದಳು. ತಾತನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಒಂದಿನ ನಿನ್ನನ್ನೇ ಕೊಯ್ಕೋತೀಯ ಕಣಮ್ಮ. ಆಮೇಲೆ ನಿಂಗೂ ನಾನೇ ಪೆಟ್ಟಿಗೆ ಮಾಡ್ಬೇಕು."

"ಹೆಣದ ಪೆಟ್ಟಿಗೇಲಿ ಮಿಕ್ಕಿದ ಚೂರಿನ ಮೇಲೆ ಬ್ರೆಡ್ಡು ಕೊಯ್ಯೋದಾ? ನನ್ ಕೈಲಾಗಲ್ಲ ಮಾವ."

ಒಂದು ತಿಂಗಳು ಹಲಗೆ ಗೋಡೆಯ ಮೊಳೆಗೆ ನೇತಾಡಿತು. ಆಮೇಲೆ ಯಾವಾಗ ಇಳಿಯಿತೋ ಗೊತ್ತಿಲ್ಲ, ನನಗೆ ಬುದ್ಧಿ ಬಂದಾಗಿನಿಂದ ಅದಿಲ್ಲದ ಊಟ ನೋಡಿಲ್ಲ. ಅಮ್ಮ ಅದನ್ನು ಬೈಯುತ್ತಲೇ ಬಳಸುತ್ತಿದ್ದಳು.

ಮಂಚದ ಕೆಳಗಿನ ಹಲಗೆಗಳನ್ನಂತೂ ವಾರಕ್ಕೊಮ್ಮೆ ಕಸ ಗುಡಿಸುವಾಗ ಬೈಯುತ್ತಿದ್ದಳು. "ಆ ಜಾಗ ಖಾಲಿ ಇದ್ರೆ ಮೂರು ಮೂಟೆ ಸೇಬು ಇಡ್ಬಹುದಿತ್ತು. ಇಲಿ ಬೇರೆ ಮರಿ ಹಾಕಿದೆ ಅಲ್ಲಿ."

"ಇರ್ಲಿ ಬಿಡು. ನಾನು ಹೋದ್ಮೇಲೆ ಅವಕ್ಕೆ ಬೇರೆ ಮನೆ ಹುಡುಕು."

"ಯಾವಾಗ ಹೋಗ್ತೀರಿ ಅಂತ ಹೇಳಿ ಮಾವ, ಸೇಬು ಆಗ್ಲೇ ಕೀಳ್ತೀನಿ."

"ಮೊದ್ಲು ಆ ಕೋಸು ಸರಿಯಾಗಿ ಬೇಯ್ಸೋದು ಕಲಿ. ಅದಾದ್ಮೇಲೆ ಯೋಚ್ನೆ ಮಾಡ್ತೀನಿ."

ನಮ್ಮ ಮನೆಯಲ್ಲಿ ಇದಕ್ಕೆ ಜಗಳ ಅನ್ನುತ್ತಿರಲಿಲ್ಲ. ಅಪ್ಪ ಏಮಸ್ ಟಫಿನ್ ಇಂಥ ಹೊತ್ತಿನಲ್ಲಿ ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ. ಅಪ್ಪ ಒಳ್ಳೆಯವನು. ಆದರೆ ಯಾರಾದರೂ ಸ್ವಲ್ಪ ದನಿ ಏರಿಸಿ ಏನು ಕೇಳಿದರೂ 'ಆಯ್ತು' ಅಂದುಬಿಡುತ್ತಿದ್ದ, ಮುಂದಿನದೆಲ್ಲ ಆ ಒಂದು ಮಾತಿನಿಂದ ಬಂತು.

ಮೇ ತಿಂಗಳಲ್ಲಿ ಪಾದ್ರಿಯವರ ಹೆಂಡತಿ, ಪಾದ್ರಿಯಮ್ಮ ಲ್ಯಾತ್‌ಬರಿ, ನಮ್ಮ ಕೆಲಸದ ಕೊಟ್ಟಿಗೆಗೆ ತಾವೇ ಬಂದರು. ನಾನು ಅವರ ಮನೆಯಲ್ಲಿ ಹಗಲು ಕೆಲಸಕ್ಕಿದ್ದೆ, ಅಪ್ಪನಿಗೆ ಊಟ ತಂದಿದ್ದೆ, ಹೀಗಾಗಿ ಎಲ್ಲ ಕೇಳಿಸಿಕೊಂಡೆ.

"ಟಫಿನ್, ನಮ್ಮ ತೋಟದ ತುದೀಲಿ... ಆ ಸಣ್ಣ ಕೋಣೆ ಇದ್ಯಲ್ಲ..."

"ಕಕ್ಕಸಾ ಅಮ್ಮಾವ್ರೇ?"

ಪಾದ್ರಿಯಮ್ಮ ಕೆಂಪಗಾದರು. "ಅಲ್ಲಿ ಕೂರೋ ಹಲಗೆ ಬದಲಾಯಿಸ್ಬೇಕು. ನಡುವೆ ಬಿರುಕು ಬಿಟ್ಟಿದೆ."

ಆ ಬಿರುಕು ನಮಗೆಲ್ಲ ಗೊತ್ತಿದ್ದದ್ದೇ. ಗುಂಡಿಯ ಮೇಲೆ ಕೂರಲು ಎರಡು ಹಲಗೆ ಕೂಡಿಸಿ ನಡುವೆ ದುಂಡಗೆ ತೂತು ಕೊರೆದದ್ದು, ಕೂಡಿದ ಕಡೆ ಬಾಯಿ ಬಿಟ್ಟು, ಈಸ್ಟರ್ ದಿನ ಪಾದ್ರಿಯವರನ್ನೇ ಚಿವುಟಿತ್ತು. ಅವತ್ತು ಅವರ ಉಪದೇಶ ಹತ್ತೇ ನಿಮಿಷದಲ್ಲಿ ಮುಗಿಯಿತು. ಊರವರು ಆ ಬಿರುಕಿಗೆ ಒಳ್ಳೆಯದಾಗಲಿ ಅಂತ ಹರಸಿದ್ದರು.

"ಜೂನ್ ಇಪ್ಪತ್ನಾಲ್ಕು, ನಡುಬೇಸಗೆ ದಿನ, ಬಿಷಪ್ಪರು ಬರ್ತಾರೆ. ನಮ್ಮಲ್ಲೇ ಊಟ. ಅವರು ಸ್ವಲ್ಪ... ತೂಕದ ಮನುಷ್ಯರು."

"ಎಷ್ಟು ತೂಕ ಅಮ್ಮಾವ್ರೇ?"

"ಟಫಿನ್!"

"ಹಲಗೆ ದಪ್ಪ ಲೆಕ್ಕ ಹಾಕ್ಬೇಕಲ್ಲ, ಅದ್ಕೆ ಕೇಳ್ದೆ."

"ದಪ್ಪ ಇರ್ಲಿ. ಕೂಡಿಸಿದ್ದು ಬೇಡ, ಒಂದೇ ಹಲಗೆ ಇರ್ಬೇಕು. ಒಣಗಿದ್ದು. ಮುಂದಿನ ವಾರದೊಳಗೆ ಆಗ್ಬೇಕು. ನಿಮ್ಮ ಕೈಲಾಗಲ್ಲ ಅಂದ್ರೆ ಪಕ್ಕದೂರಿನ ಬಡಗಿಗೆ ಹೇಳ್ತೀನಿ. ಚರ್ಚಿನ ಹೊಸ ಗೇಟಿನ ಕೆಲಸಾನೂ ಅವನಿಗೇ ಹೇಳ್ಬೇಕಾಗುತ್ತೆ."

ಚರ್ಚಿನ ಗೇಟು ಅಂದರೆ ಚಳಿಗಾಲ ಪೂರ್ತಿ ಕೆಲಸ. "ಆಯ್ತು ಅಮ್ಮಾವ್ರೇ," ಅಂದ ಅಪ್ಪ.

ಎರಡೂಕಾಲು ಅಡಿ ಅಗಲದ, ಒಣಗಿದ, ಒಂದೇ ತುಂಡಿನ ಎಲ್ಮ್ ಹಲಗೆ ಆ ಸುತ್ತಿನಲ್ಲೆಲ್ಲ ಒಂದೇ ಒಂದು ಇತ್ತು. ಅದು ಎಲ್ಲಿತ್ತು ಅಂತ ನಿಮಗೆ ಗೊತ್ತಾಯಿತಲ್ಲ. ನನಗೆ ಮಾತ್ರ ಆಗ ಗೊತ್ತಾಗಲಿಲ್ಲ.

ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ವಿಟ್ ಸೋಮವಾರ ಊರಿನ ಸಹಾಯ ಸಂಘದ ಮೆರವಣಿಗೆ. ತಾತ ನೀಲಿ ಪಟ್ಟಿ ತೊಟ್ಟು, ಹಿತ್ತಾಳೆ ತುದಿಯ ಕೋಲು ಹಿಡಿದು, ವಾದ್ಯದ ಹಿಂದೆ ಎಲ್ಲರಿಗಿಂತ ಮುಂದೆ ನಡೆದ. ಮಧ್ಯಾಹ್ನ ಹೆಂಡದಂಗಡಿಯಲ್ಲಿ ದನದ ಮಾಂಸದ ಊಟಕ್ಕೆ ಕೂತರೆ ಅವನು ಏಳುವುದು ಸಂಜೆಗೇ. ಅಪ್ಪ ಊಟ ಅರ್ಧಕ್ಕೆ ಬಿಟ್ಟು ಹೊಟ್ಟೆನೋವು ಅಂತ ಮನೆಗೆ ಬಂದನಂತೆ.

ಮಾರನೆ ದಿನ ಬೆಳಿಗ್ಗೆ ಅಮ್ಮನ ಬ್ರೆಡ್ ಹಲಗೆ ಕಾಣಲಿಲ್ಲ. ಒಂದು ಗಂಟೆ ಹುಡುಕಿ ಬೆಕ್ಕನ್ನೂ ಬೈದಾದ ಮೇಲೆ ಅಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ.

"ಸ್ವಲ್ಪ ಉಜ್ಜಿ ನುಣ್ಣಗೆ ಮಾಡೋಣ ಅಂತ ತಗೊಂಡೋಗಿದ್ದೆ ಕೆಜಾಯಾ."

"ಹದಿನೈದು ವರ್ಷದಲ್ಲಿ ಬರ್ದಿರೋ ಬುದ್ಧಿ ಇವತ್ತು ಬಂತಾ? ಉಜ್ಜಿದ ಗುರುತೂ ಇಲ್ವಲ್ಲ. ಅಂಚಿಗೆಲ್ಲ ಪೆನ್ಸಿಲ್ಲು ಬಳ್ದಿದೆ."

ಅಪ್ಪ ಚಹಾ ಕುಡಿದ.

ಎರಡು ವಾರ ಕಳೆದ ಮೇಲೆ ಪಾದ್ರಿಯಮ್ಮ ನನ್ನನ್ನು ಕರೆದು, "ಜೆಮಿಮಾ, ಆ ಸಣ್ಣ ಕೋಣೆಯ ಹೊಸ ಹಲಗೆ ಮೇಲೆ ಏನೋ ಕೊಳೆ ಇದೆ, ಮರಳು ಹಾಕಿ ತಿಕ್ಕು," ಅಂದರು. ನಾನು ಬಕೆಟ್ಟು ಹಿಡಿದು ಹೋದೆ. ಗೋಡೆಯಿಂದ ಗೋಡೆಗೆ ಹಾಕಿದ ಆ ಉದ್ದ ಹಲಗೆ ಬಹಳ ಚೆನ್ನಾಗಿತ್ತು, ಕನ್ನಡಿ ಹಾಗೆ ಉಜ್ಜಿದ್ದ ಅಪ್ಪ. ತೂತಿನ ಪಕ್ಕದಲ್ಲಿ ನೀಲಿಗಪ್ಪು ಕಲೆ. ತಿಕ್ಕಿದೆ, ಹೋಗಲಿಲ್ಲ. ಮತ್ತೆ ತಿಕ್ಕಿದೆ. ಮೂರನೇ ಸಲ ಮರಳು ಹಾಕುವಾಗ ಕೈ ಅಲ್ಲೇ ನಿಂತಿತು. ನಾನು ಅಜ್ಜಿಯ ಸಿಟ್ಟನ್ನು ತಿಕ್ಕುತ್ತಿದ್ದೆ.

ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹಿಟ್ಟಿನ ಕೈಯಲ್ಲೇ ತಾತನ ಮಂಚದ ಕೆಳಗೆ ತೂರಿ ನೋಡಿದಳು. ಐದು ಹಲಗೆ ಇದ್ದವು. ಆದರೆ ಮೇಲಿನದು ಬೇರೆ, ಬಣ್ಣವೇ ಬೇರೆ. ಅವಳು ಸೀದಾ ಕೊಟ್ಟಿಗೆಗೆ ನಡೆದಳು, ನಾನು ಹಿಂದೆ. ತಾತ ಆಗ ಹೊಲದಂಚಿಗೆ ಅಡ್ಡಾಡಲು ಹೋಗಿದ್ದ, ಪುಣ್ಯ.

"ರೀ, ಮಾವನ ಮುಚ್ಚಳ ಎಲ್ಲಿ?"

ಅಪ್ಪ ಉಳಿ ಕೆಳಗಿಟ್ಟ. "ನೀನೇ ಅಲ್ವಾ ಅದನ್ನ ಆಚೆ ಹಾಕು ಅಂತ ಹದಿನೈದು ವರ್ಷದಿಂದ..."

"ಆಚೆ ಹಾಕು ಅಂದೆ, ಪಾದ್ರಿ ಕಕ್ಕಸಿಗೆ ಹಾಕು ಅಂದ್ನಾ? ಅತ್ತೆ ಮರ ಅದು!"

"ಗೇಟಿನ ಕೆಲಸ ಹೋಗ್ತಿತ್ತು ಕಣೆ. ಬದಲಿ ಹಲಗೆ ತಂದು ಇಟ್ಟಿದೀನಿ. ಅದೂ ಎಲ್ಮೇ. ಅಪ್ಪನಿಗೆ ಕಣ್ಣು ಮಂಜು, ಗೊತ್ತಾಗಲ್ಲ."

"ಗೊತ್ತಾಗಲ್ವಾ? ಸಾರಿಗೆ ಅರ್ಧ ಚಿಟಿಕೆ ಉಪ್ಪು ಕಮ್ಮಿಯಾದ್ರೆ ಬೀದಿಯಿಂದ್ಲೇ ಹೇಳ್ತಾರೆ! ಆ ತೂತಿನಲ್ಲಿ ತೆಗ್ದ ಚೂರಾದ್ರೂ ಎಲ್ಲಿ?"

"ಮೊಳೆಗೆ ಸಿಕ್ಕಿ ಚೂರುಚೂರಾಯ್ತು. ಅಂಟಿನ ಮಡಕೆ ಕೆಳಗೆ ಉರಿಗೆ ಹಾಕ್ದೆ."

ಅಮ್ಮ ಕೈಗಂಟಿದ ಹಿಟ್ಟು ಉಜ್ಜಿಕೊಂಡಳು. ಆಮೇಲೆ ಅವಳಿಗೆ ಏನೋ ಹೊಳೆಯಿತು. "ಏಮಸ್ ಟಫಿನ್, ಆ ತೂತು ಅಷ್ಟು ದುಂಡಗೆ ಹೆಂಗೆ ಬಂತು?"

ಅಪ್ಪ ಉಳಿಯನ್ನು ಮತ್ತೆ ಕೈಗೆತ್ತಿಕೊಂಡ.

"ನನ್ನ ಬ್ರೆಡ್ ಹಲಗೆ ಇಟ್ಟು ಕಕ್ಕಸಿನ ತೂತು ಗೀಚಿದ್ಯಾ!"

ಆ ದಿನ ಅಪ್ಪ ಬ್ರೆಡ್ಡಿಲ್ಲದೆ ಬರೀ ಚೀಸು ತಿಂದ.

ಬಾಗದಿರಲಿ ಅಂತ ತಾತ ಹಲಗೆಗಳನ್ನು ಹೊರಗೆ ಎಳೆದು ತಿರುಗಿಸುವುದು ವರ್ಷಕ್ಕೆ ನಾಲ್ಕೇ ದಿನ, ಊರವರು ಬಾಡಿಗೆ ಕಟ್ಟುವ ದಿನಗಳಂದೇ. ಮುಂದಿನದು ನಡುಬೇಸಗೆ ದಿನ, ಬಿಷಪ್ಪರು ಬರುವ ದಿನವೂ ಅದೇ. ಮೂರು ವಾರ ಇತ್ತು. ಅಷ್ಟರಲ್ಲಿ ಹೇಳಬೇಕು ಅಂತ ಅಪ್ಪ ದಿನಾ ಬಾಯಿ ತೆರೆಯುತ್ತಿದ್ದ, ತುತ್ತು ಹಾಕಿಕೊಂಡು ಮುಚ್ಚುತ್ತಿದ್ದ. ಅಮ್ಮನಿಗೆ ಅಪರಾಧ ತನ್ನದೇ ಅನ್ನಿಸಿತ್ತೋ ಏನೋ, ಅವಳು ತಾತನಿಗೆ ಬಡಿಸುವುದು ಹೆಚ್ಚಿಸಿದಳು. ಸೋಮವಾರ ಉಪ್ಪು ಹಾಕಿದ ಹಂದಿಮಾಂಸ, ಬೇಕನ್ನಿನ ದೊಡ್ಡ ಹೋಳು. ಬುಧವಾರ ಕೊಬ್ಬಿನ ಕಡುಬು, ಅದರ ಮೇಲೆ ಕಾಕಂಬಿ. ಶುಕ್ರವಾರ ನೆಲ್ಲಿಕಾಯಿ ಪೈಗೆ ಕೆನೆ ಬಂತು. ನಮ್ಮ ಮನೆಯಲ್ಲಿ ಕೆನೆ ಕಂಡದ್ದು ನನ್ನ ನಾಮಕರಣದಲ್ಲಿ ಮಾತ್ರವಂತೆ.

ತಾತ ಚಮಚ ಕೆಳಗಿಟ್ಟ. "ಕೆಜಾಯಾ, ಇದೇನು?"

"ಕೆನೆ ಮಾವ."

"ಅದು ಕಾಣುತ್ತೆ. ಯಾಕೆ?"

"ತಿನ್ನಿ ಅಂತ."

"ಐದು ದಿನದಿಂದ ನೀನು ನನ್ನ ಬೈದಿಲ್ಲ."

"ಬೈಯೋಕೆ ಏನೂ ಸಿಕ್ಕಿಲ್ಲ."

ತಾತ ಅಮ್ಮನ ಮುಖ ನೋಡಿದ, ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ನಾವು ಮೂವರೂ ಪೈ ನೋಡುತ್ತಿದ್ದೆವು.

"ಡಾಕ್ಟ್ರು ಏನಾದ್ರೂ ಹೇಳಿದ್ರಾ? ಮೊನ್ನೆ ಬೀದೀಲಿ ನನ್ನ ನಾಲಿಗೆ ನೋಡಿದ್ರಲ್ಲ. ಸರಿ, ಗೊತ್ತಾಯ್ತು ಬಿಡಿ. ನನ್ನ ಕಥೆ ಮುಗೀತು."

"ಅಯ್ಯೋ, ಹಂಗೇನೂ ಇಲ್ಲ ಅಪ್ಪ!"

"ಕೆನೆ ಕೊಡ್ತಾ ಇದಾಳೆ ಕಣೋ! ಸಾಯೋನಿಗಲ್ದೆ ಇವಳು ಯಾರಿಗೆ ಕೆನೆ ಕೊಡ್ತಾಳೆ?" ತಾತ ಚಮಚ ಎತ್ತಿಕೊಂಡು ಪೈ ಮುಗಿಸಿ ತಟ್ಟೆ ಒರೆಸಿ ತಿಂದ. "ನಾನೇನು ಹೆದರಲ್ಲ. ನಡುಬೇಸಗೆ ದಿನ ಹಲಗೆ ಹೆಂಗೂ ತೆಗೀಬೇಕು. ಅವತ್ತೇ ಪೆಟ್ಟಿಗೆ ಮಾಡ್ಬಿಡೋಣ. ನಾನೇ ನಿಂತು ಮಾಡಿಸ್ತೀನಿ, ಇಲ್ಲಾಂದ್ರೆ ನೀನು ಮೂಲೆ ಸರಿಯಾಗಿ ಕೂಡಿಸಲ್ಲ."

ಅವತ್ತಿನಿಂದ ತಾತ ಸಾಯುವ ಸಿದ್ಧತೆಗೆ ನಿಂತ. ತನ್ನ ಉಳಿ ಚಾಣಗಳನ್ನು ಯಾರ್ಯಾರಿಗೆ ಕೊಡಬೇಕು ಅಂತ ನನಗೆ ಹೇಳಿದ. ಹದಿನಾರು ವರ್ಷದಿಂದ ಮಾತು ಬಿಟ್ಟಿದ್ದ ಕಮ್ಮಾರನ ಮನೆಗೆ ಹೋಗಿ ರಾಜಿಯಾಗಿ, ಅವನ ಸೇಬಿನ ಹೆಂಡ ಸೈಡರ್ ಕುಡಿದು, ಇದು ಹುಳಿ ಅಂತ ಹೇಳಿ ಮತ್ತೆ ಜಗಳ ಮಾಡಿಕೊಂಡು ಬಂದ. ಪ್ರತಿ ಊಟಕ್ಕೂ ಎರಡು ತಟ್ಟೆ ತಿಂದ. ಮೈ ಕೈ ತುಂಬಿಕೊಂಡು ಕೆನ್ನೆ ಕೆಂಪಾಯಿತು.

ನಡುಬೇಸಗೆ ದಿನ ಬೆಳಿಗ್ಗೆ ನಾನು ಪಾದ್ರಿ ಮನೆಗೆ ಹೊರಡುವ ಹೊತ್ತಿಗೆ ತಾತನ ಕೋಣೆಯಿಂದ ಹಲಗೆ ಎಳೆಯುವ ಸದ್ದು ಬಂತು. ಅಮ್ಮ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಳು. ಸದ್ದು ನಿಂತಿತು.

ತಾತ ಬಾಗಿಲಿಗೆ ಬಂದ. ನಾವು ಅವನು ಕೂಗುತ್ತಾನೆ ಅಂದುಕೊಂಡಿದ್ದೆವು. ಅವನು ಕೂಗಲಿಲ್ಲ.

"ಏಮಸ್, ಡಾರ್ಕಸ್ ಮೊಳೆ ಎಲ್ಲಿ?"

ಅಪ್ಪ ಎಲ್ಲ ಹೇಳಿದ. ಒಂದೇ ಉಸಿರಿಗೆ, ಗೇಟು, ಬಿಷಪ್ಪು, ಬಿರುಕು ಎಲ್ಲ ಸೇರಿಸಿ ಹೇಳಿದ. ತಾತ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಭಾನುವಾರದ ಕೋಟು ಹಾಕಿಕೊಂಡ, ಅದರ ಮೇಲೆ ಸಂಘದ ನೀಲಿ ಪಟ್ಟಿ ತೊಟ್ಟ, ಜೇಬಿಗೆ ತಿರುಪುಳಿ ಇಟ್ಟುಕೊಂಡ. ಅಮ್ಮ ಅಡ್ಡ ನಿಂತಳು.

"ಮಾವ, ತಿಂಡಿ ತಿಂದಾದ್ರೂ ಹೋಗಿ."

"ನಿಂಗೆ ಗೊತ್ತಿತ್ತಾ?"

ಅಮ್ಮ ಹೌದೆಂದು ತಲೆಯಾಡಿಸಿದಳು.

"ಅದ್ಕೇ ಕೆನೆ," ಅಂದ ತಾತ. ಅವಳನ್ನು ದಾಟಿ ಹೊರಗೆ ನಡೆದ.

ಪಾದ್ರಿ ಮನೆಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಬಿಷಪ್ಪರ ಗಾಡಿ ಹನ್ನೆರಡು ಮೈಲಿ ಕಲ್ಲುದಾರಿಯಲ್ಲಿ ಕುಲುಕಿಕೊಂಡು ಹನ್ನೊಂದಕ್ಕೆ ಬಂತು. ಬಿಷಪ್ಪರು ನಿಜಕ್ಕೂ ತೂಕದ ಮನುಷ್ಯರು. ಅವರು ಇಳಿದಾಗ ಗಾಡಿ ಒಂದು ಗೇಣು ಮೇಲೆದ್ದಿತು. ಅವರು ಎಲ್ಲರಿಗೂ ಕೈಕೊಟ್ಟು, ಪಾದ್ರಿಯವರ ಕಿವಿಯಲ್ಲಿ ಏನೋ ಕೇಳಿದರು. ಪಾದ್ರಿಯವರು ಹೆಮ್ಮೆಯಿಂದ ತೋಟದ ತುದಿಗೆ ಕೈ ತೋರಿಸಿದರು.

ಬಿಷಪ್ಪರು ಹೋದರು. ಹೋದಷ್ಟೇ ಬೇಗ ತಿರುಗಿ ಬಂದರು. "ಯಾರೋ ಇದಾರೆ."

"ಯಾರಿರ್ತಾರೆ?" ಅಂದರು ಪಾದ್ರಿಯಮ್ಮ. "ಜೆಮಿಮಾ, ಹೋಗಿ ನೋಡು."

ನಾನು ಬಾಗಿಲು ತಟ್ಟಿದೆ. ಒಳಗೆ ಕಿರ್ರ್ ಕಿರ್ರ್ ಅಂತ ತಿರುಪು ತೆಗೆಯುವ ಸದ್ದು.

"ತಾತ?"

"ಎಂಟು ತಿರುಪು ಹಾಕಿದಾನೆ ನಿಮ್ಮಪ್ಪ. ನಾಲ್ಕು ಸಾಕಿತ್ತು."

"ತಾತ, ಬಿಷಪ್ಪರು ಬಂದಿದಾರೆ. ಅವರಿಗೆ ಅರ್ಜೆಂಟು."

"ನಂಗೂ ಅರ್ಜೆಂಟೇ. ಸಾಯೋ ಮುಂಚೆ ಪೆಟ್ಟಿಗೆ ಆಗ್ಬೇಕು."

ಪಾದ್ರಿಯವರೇ ಬಂದರು. "ಜೇಬೆಜ್, ದಯವಿಟ್ಟು ಬಾಗಿಲು ತೆಗೀರಿ. ಇದು ಚರ್ಚಿನ ಸೊತ್ತು."

"ಗೋಡೆ ಚರ್ಚಿಂದು, ಗುಂಡಿ ಚರ್ಚಿಂದು. ಹಲಗೆ ನನ್ ಹೆಂಡ್ತೀದು," ಅಂದ ತಾತ. ಕಿರ್ರ್ ಅಂತ ಇನ್ನೊಂದು ತಿರುಪು ಬಂತು.

ಪಾದ್ರಿಯವರು ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ. ಅವರು ಈಸ್ಟರ್ ದಿನಕ್ಕಿಂತ ಹೆಚ್ಚು ನೋವಾದವರಂತೆ ಕಂಡರು. ಅಷ್ಟರಲ್ಲಿ ಅಗಳಿ ಸರಿಯಿತು. ತಾತ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆಯ ಮೇಲಿನ ಟೋಪಿ ಒಂಚೂರೂ ವಾಲದಂತೆ ಹೊರಗೆ ಬಂದ. ಹಣ್ಣಿನ ಪೊದೆಗಳ ನಡುವೆ ದಾರಿ ಇಕ್ಕಟ್ಟು. ಎದುರಿಗೆ ಬಿಷಪ್ಪರು ಬಂದುಬಿಟ್ಟಿದ್ದರು, ಕಾಯಲು ಅವರಿಗೆ ಶಕ್ತಿ ಇರಲಿಲ್ಲ.

ಇಬ್ಬರೂ ನಿಂತರು.

"ಅದೇನದು, ಯಜಮಾನ್ರೇ?" ಅಂತ ಬಿಷಪ್ಪರು ಕೇಳಿದರು.

"ನನ್ನ ಶವಪೆಟ್ಟಿಗೆ ಮುಚ್ಚಳ ಸ್ವಾಮಿ."

ಬಿಷಪ್ಪರು ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು. "ಅದಕ್ಕೆ ತೂತು ಯಾಕೆ?"

"ಅದು ತಮ್ಮ ಸಲುವಾಗಿ ಸ್ವಾಮಿ."

ಪಾದ್ರಿಯಮ್ಮ ಬೆಂಚಿನ ಮೇಲೆ ಕುಸಿದರು. ಬಿಷಪ್ಪರು ಮಾತ್ರ ಟೋಪಿ ತೆಗೆದರು. "ನನ್ನ ಸಲುವಾಗಿ ಆಗಿದ್ರೆ ಕ್ಷಮೆ ನಾನೇ ಕೇಳ್ಬೇಕು. ಹೋಗಿ ಬನ್ನಿ. ಹೋಗೋ ಮೊದ್ಲು ಇದೊಂದು ಹೇಳಿ, ಹತ್ರದಲ್ಲಿ ಬೇರೆ ಎಲ್ಲಿದೆ?"

"ಬೀದಿ ದಾಟಿದ್ರೆ ನಮ್ಮನೆ ಹಿತ್ಲು," ಅಂದ ತಾತ. "ಬನ್ನಿ, ತೋರಿಸ್ತೀನಿ."

ಮುಂದೆ ಹಲಗೆ ಹೊತ್ತ ತಾತ, ಹಿಂದೆ ಬಿಷಪ್ಪರು, ಅವರ ಹಿಂದೆ ಪಾದ್ರಿಯವರು, ಕೊನೆಗೆ ನಾನು. ಬೀದಿಯ ಜನ ಇದೂ ಯಾವುದೋ ಚರ್ಚಿನ ಮೆರವಣಿಗೆ ಇರಬೇಕು ಅಂತ ಟೋಪಿ ತೆಗೆದು ನಿಂತರು. ಅಮ್ಮ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಬಾಗಿಲಿಗೆ ಬಂದವಳು ಬಿಷಪ್ಪರನ್ನು ನೋಡಿ ಸ್ತಂಭಿಸಿದಳು.

"ಮಾವ, ನಮ್ಮದರಲ್ಲಿ ಅವರು... ಅದು ನಾಲ್ಕು ಚೂರು ಸೇರಿಸಿ ಮಾಡಿದ್ದು!"

ಬಡಗಿ ಮನೆಯ ಕಕ್ಕಸು ಹೇಗಿರುತ್ತದೆ ಅಂತ ಬಡಗಿಯ ಹೆಂಡತಿಗೇ ಗೊತ್ತು. ಆದರೆ ಬಿಷಪ್ಪರು ಆಗಲೇ ಬಾಗಿಲು ಹಾಕಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಹಾ' ಅಂತ ಸಣ್ಣ ಸದ್ದು ಬಂತು. ಅವತ್ತು ಚರ್ಚಿನಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಅವರು ನಿಂತುಕೊಂಡೇ ಆಶೀರ್ವಾದ ಮಾಡಿದರು, ಕುರ್ಚಿ ಇಟ್ಟಿದ್ದರೂ ಕೂರಲಿಲ್ಲ.

ಊರು ವಾರಗಟ್ಟಲೆ ನಕ್ಕಿತು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ತಾತ ಹಲಗೆಯನ್ನು ಅಡಿಗೆಮನೆಯ ಗೋಡೆಗೆ ಒರಗಿಸಿ ಅದರ ಎದುರು ಕೂತ. ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಅಮ್ಮ ಬೇಕನ್ ಇಟ್ಟಳು, ಮುಟ್ಟಲಿಲ್ಲ. ಮಾರನೆ ದಿನವೂ ಅದೇ. ಬರೀ ಚಹಾ. ಸಾಯುತ್ತೇನೆ ಅಂತ ಎರಡು ತಟ್ಟೆ ತಿಂದವನು, ಸಾಯುವುದಿಲ್ಲ ಅಂತ ಗೊತ್ತಾದ ಮೇಲೆ ಊಟ ಬಿಟ್ಟ. ನನಗೆ ಆಗ ನಿಜವಾಗಿ ಭಯವಾಯಿತು.

"ಅಪ್ಪ, ಒಳ್ಳೆ ಎಲ್ಮ್ ತುಂಡು ಇಟ್ಟು ತೇಪೆ ಹಾಕ್ತೀನಿ," ಅಂದ ಅಪ್ಪ. "ಗೊತ್ತೇ ಆಗಲ್ಲ."

"ಯಾರ ಮರ?"

"ಎಲ್ಮೇ ಅಪ್ಪ."

"ಯಾರ ಮರ ಅಂತ ಕೇಳ್ದೆ. ಅವಳು ಪೂರ್ತಿ ಒಂದೇ ಮರದಲ್ಲಿ ಮಲಗಿದಾಳೆ. ನಾನು ಅವಳ ಪಕ್ಕಕ್ಕೆ ಕಂಡವರ ಮನೆ ತೇಪೆ ಹಾಕ್ಕೊಂಡು ಹೋಗ್ಲಾ? ಎರಡು ವರ್ಷ ಅವಳಿಗೆ ಒಂದು ಕಂಬ ನೆಡ್ಲಿಲ್ಲ ನಾನು. ಇದೊಂದಾದ್ರೂ ನೆಟ್ಟಗೆ ಮಾಡೋಣ ಅಂತಿದ್ದೆ." ತಾತ ಹಲಗೆಯ ತೂತಿನ ಮೇಲೆ ಕೈ ಇಟ್ಟ. "ಆ ಮರದ್ದು ತೇಪೆಗೆ ಇನ್ನು ಒಂದು ಚೂರೂ ಉಳ್ದಿಲ್ಲ."

ಅಪ್ಪ ಅಳುತ್ತಿದ್ದ. ಅಷ್ಟು ದೊಡ್ಡ ಆಳು ಹಾಗೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಮ್ಮ ಮೇಜಿನ ಮುಂದೆ ಬ್ರೆಡ್ಡು ಕೊಯ್ಯುತ್ತಿದ್ದಳು. ಚಾಕು ನಿಂತಿತು. ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿ, ಹಲಗೆಯ ಮೇಲಿನ ಚೂರುಗಳನ್ನು ಸೊಂಟಕ್ಕೆ ಕಟ್ಟಿದ್ದ ಒಡಲಬಟ್ಟೆಗೆ ಗುಡಿಸಿಕೊಂಡು, ಅದನ್ನು ಎತ್ತಿ ತಂದು ತೂತಿನ ಮೇಲೆ ಹಿಡಿದಳು. ಅದನ್ನೇ ಇಟ್ಟು ಗೀಚಿದ ತೂತು, ಅಳತೆ ಹೆಚ್ಚುಕಡಿಮೆ ಒಂದೇ.

"ಕೀಸುಳಿ ತಗೊಂಡ್ ಬಾರೋ," ಅಂದಳು. ಅವಳು ಅಪ್ಪನಿಗೆ 'ಬಾರೋ' ಅಂದದ್ದನ್ನು ಯಾರೂ ಗಮನಿಸಲಿಲ್ಲ. "ಅಂಚು ಒಂದು ಕೂದಲೆಳೆ ತೆಗೆದ್ರೆ ಸಾಕು."

ತಾತ ತಲೆ ಎತ್ತಿದ. "ಅದು ನಿನ್ನ ಬ್ರೆಡ್ ಹಲಗೆ."

"ಗೊತ್ತು. ಹದಿನೈದು ವರ್ಷದಿಂದ ನಂಗೆ ಅದು ಇಷ್ಟ ಇರ್ಲಿಲ್ಲ."

"ಸುಳ್ಳು ಹೇಳ್ಬೇಡ."

"ಸುಳ್ಳೋ ನಿಜವೋ, ಅದು ಅತ್ತೆ ಮರ ತಾನೆ? ಸುಮ್ನೆ ತಗೊಳ್ಳಿ ಮಾವ."

ಅಪ್ಪ ಅಂಚನ್ನು ಕೀಸಿದ, ಇಟ್ಟು ನೋಡಿದ, ಮತ್ತೆ ಕೀಸಿದ. ಮೂರನೇ ಸಲಕ್ಕೆ ಬ್ರೆಡ್ ಹಲಗೆ ತೂತಿನೊಳಗೆ 'ಟಪ್' ಅಂತ ಕೂತಿತು. ಪಕ್ಕದಲ್ಲಿ ಅಜ್ಜಿಯ ನೀಲಿ ಕಲೆ. ತಾತ ಅಂಗೈಯಿಂದ ಸವರಿ ನೋಡಿದ. ಅಪ್ಪ ಅಂಟಿನ ಮಡಕೆ ತರಲು ಎದ್ದ.

"ಅಂಟು ಬೇಡ," ಅಂದ ತಾತ. ಹಿಂದಿನಿಂದ ಗುದ್ದಿ ಬ್ರೆಡ್ ಹಲಗೆಯನ್ನು ಹೊರಗೆ ತೆಗೆದು ಅಮ್ಮನ ಕೈಗೆ ಕೊಟ್ಟ. "ನಂಗೆ ಬೇಕಾದಾಗ ಹಾಕಿದ್ರೆ ಸಾಕು. ಅಲ್ಲೀವರೆಗೆ ಇವಳು ಯಾವ್ದ್ರ ಮೇಲೆ ಕೊಯ್ತಾಳೆ? ನಡಿ, ಬ್ರೆಡ್ಡು ಕೊಡು, ಹಸಿವು."

"ಬೇಕನ್ ತಣ್ಣಗಾಗಿದೆ."

"ನಿನ್ನ ಬೇಕನ್ ಬಿಸಿಯಿದ್ದಾಗ್ಲೂ ಅಷ್ಟೇ."

ಅಮ್ಮ ಅವನನ್ನು ಬೈದಳು. ಮೂರು ವಾರದ ಬಾಕಿ ಎಲ್ಲ ಒಟ್ಟಿಗೆ ಬೈದಳು. ತಾತ ಸುಖವಾಗಿ ತಿಂದ.

ಗೇಟಿನ ಕೆಲಸ ನಮಗೇ ಬಂತು, ಬಿಷಪ್ಪರೇ ಹೇಳಿ ಕಳಿಸಿದರಂತೆ. ನಮ್ಮ ಹಿತ್ತಿಲಿಗೂ ಅಪ್ಪ ಒಂದೇ ತುಂಡಿನ ಹೊಸ ಹಲಗೆ ಹಾಕಿದ. ಕೆನೆ ಮಾತ್ರ ಮತ್ತೆ ಬರಲಿಲ್ಲ.

ತಾತ ಆಮೇಲೆ ಏಳು ವರ್ಷ ಬದುಕಿದ. ವರ್ಷಕ್ಕೆ ನಾಲ್ಕು ಸಲ ಹಲಗೆ ತಿರುಗಿಸುವ ದಿನ ಅಮ್ಮನ ಬ್ರೆಡ್ ಹಲಗೆ ತರಿಸಿ ತೂತಿಗೆ ಕೂರಿಸಿ ನೋಡುತ್ತಿದ್ದ. "ಸವೆಸ್ತಾ ಇದೀಯ ಕಣಮ್ಮ, ನಂಗೆ ಸಡಿಲ ಆಗುತ್ತೆ," ಅನ್ನುತ್ತಿದ್ದ. "ಹಂಗಾದ್ರೆ ಬೇಗ ಹೊರಡಿ," ಅನ್ನುತ್ತಿದ್ದಳು ಅಮ್ಮ. ಕೊನೆಗೆ ಒಂದು ಫೆಬ್ರವರಿಯಲ್ಲಿ, ಹೆಚ್ಚು ಕಾಯಿಸದೆ, ನಾಲ್ಕು ದಿನ ಮಲಗಿ ಹೋದ.

ಅಪ್ಪ ಪೆಟ್ಟಿಗೆ ಮಾಡಿದ. ಮೂಲೆಗಳನ್ನು ಸರಿಯಾಗಿ ಕೂಡಿಸಿದ. ಬ್ರೆಡ್ ಹಲಗೆಗೆ ಅಂಟು ಹಚ್ಚಿ ಕೂರಿಸಿದ. ಮುಚ್ಚಳದ ಮೇಲೆ, ಎದೆಯ ನೇರಕ್ಕೆ, ಅಜ್ಜಿಯ ಕಲೆ ಒಂದು ಕಡೆ, ಅಮ್ಮನ ಚಾಕುವಿನ ಸಾವಿರ ಗೀರು ಒಂದು ಕಡೆ. ಚರ್ಚಿಗೆ ಬಂದವರೆಲ್ಲ ಅದನ್ನು ನೋಡಿದರು, ಪಾದ್ರಿಯವರೂ ನೋಡಿದರು, ಯಾರೂ ಏನೂ ಕೇಳಲಿಲ್ಲ.

ಮಣ್ಣು ಮಾಡಿ ಬಂದ ಜನಕ್ಕೆ ಚಹಾ ಕೊಡಬೇಕಿತ್ತು. ಅಮ್ಮ ಕಪ್ಪು ಬಟ್ಟೆಯ ಮೇಲೆ ಒಡಲಬಟ್ಟೆ ಕಟ್ಟಿಕೊಂಡು ಬ್ರೆಡ್ಡು ತೆಗೆದಳು, ಚಾಕು ತೆಗೆದಳು, ಗೋಡೆಯ ಮೊಳೆಯ ಕಡೆ ಕೈ ಚಾಚಿದಳು. ಮೊಳೆ ಖಾಲಿ ಇತ್ತು. ಕೈ ಅಲ್ಲೇ ಉಳಿಯಿತು. ನಾನು ಮೇಜಿನ ಮೇಲೆ ಕೊಯ್ಯಿ ಅಮ್ಮ ಅನ್ನಲು ಹೋದೆ. ಅವಳು ಕೇಳಲಿಲ್ಲ. ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು, ಮೊದಲಿನ ಹಾಗೆ, ಚಾಕುವನ್ನು ತನ್ನ ಕಡೆಗೆ ಎಳೆದಳು.

"ಹಾಳು ಮುದುಕ," ಅಂದಳು, ಕಣ್ಣೀರು ಬ್ರೆಡ್ಡಿನ ಮೇಲೆ ಬೀಳುತ್ತಿತ್ತು. "ನನ್ನ ಹಲಗೆ ಎತ್ಕೊಂಡು ಹೋಗ್ಬಿಟ್ಟ."